ರಾಯರ ಕಹಿ ಮಜ್ಜಿಗೆ

ಒಂದೇ ರೋಗ ಹೊತ್ತುಕೊಂಡು ತಮ್ಮ ದವಾಖಾನೆಗೆ ಬಂದವರನ್ನು ಕಂಡರೆ ಬಿಂದುಮಾಧವರಾಯರಿಗೆ ಸಂಶಯ ಬರುತ್ತಿತ್ತು. ಇವನೇನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಇನ್ನೊಮ್ಮೆ ಅಂಗಾತ ಮಲಗಿಸಿ ಹೊಟ್ಟೆ ಒತ್ತಿ ನೋಡುತ್ತಿದ್ದರು. ಬಹಳ ಸಲ ಅವರ ಸಂಶಯವೇ ಖರೆಯಾಗುತ್ತಿತ್ತು. ವಿಷಮಜ್ವರವೆಂದು ಬಂದವನ ಎಡಪಕ್ಕೆಯಲ್ಲಿ ಹಳೆಯ ಚಳಿಜ್ವರದ ಗಡ್ಡೆ ಸಿಗುತ್ತಿತ್ತು. ಆಮಶಂಕೆಗೆ ಔಷಧ ಕೇಳಲು ಬಂದವಳು ಮಾತಿನ ನಡುವೆ ಕೆಮ್ಮಿದರೆ ಸೆರಗಿನಲ್ಲಿ ರಕ್ತ ಕಾಣುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಬಾಡಿಗೆಯ ಎರಡು ಖೋಲಿಗಳಲ್ಲಿ ಕುಳಿತು ಅವರು ಜೀವಮಾನವಿಡೀ ಮಾಡಿದ್ದು ಇದೇ ಕೆಲಸ, ಒಬ್ಬನೇ ಮನುಷ್ಯನ ಮೈಯಲ್ಲಿ ಬೀಡುಬಿಟ್ಟ ಎರಡು ಮೂರು ರೋಗಗಳ ಜಗಳ ಬಿಡಿಸುವುದು.

ಕೇಳಿದವರಿಗೆ, ಕೇಳದವರಿಗೆ ಅವರು ಹೇಳುತ್ತಿದ್ದ ಮಾತೊಂದಿತ್ತು. "ರೋಗ ಅಂದ್ರ ಬೀಗರಿದ್ದ ಹಾಂಗ. ಒಬ್ಬರೇ ಎಂದೂ ಬರೂದಿಲ್ಲ. ಎಲ್ಲಾರನ್ನೂ ಒಮ್ಮೆಲೇ ಹೊರಗ ಹಾಕ್ಲಿಕ್ಕೆ ಹೋದ್ರ ಮನಿನೇ ಮುರೀತದ. ಯಾರನ್ನ ಮೊದಲ ಸಾಗಹಾಕಬೇಕು ಅನ್ನೋದು ತಿಳದಿರಬೇಕು."

ಈ ಮಾತನ್ನು ಅತಿ ಹೆಚ್ಚು ಸಲ ಕೇಳಿದವನು ಟಾಂಗಾ ಹೊಡೆಯುವ ಉಳವಪ್ಪ. ರಾಯರು ಧಾರವಾಡದಿಂದ ಬಂದು ಹುಬ್ಬಳ್ಳಿಯಲ್ಲಿ ದವಾಖಾನೆ ತೆರೆದ ವರ್ಷದಿಂದ ಅವರನ್ನು ರೋಗಿಗಳ ಮನೆಗೆ ಒಯ್ಯುತ್ತಿದ್ದವನು ಅವನೇ. ಹೆಂಡತಿ ತೀರಿಕೊಂಡ ಮೇಲೆ ರಾಯರು ಮನಬಿಚ್ಚಿ ಮಾತಾಡುತ್ತಿದ್ದದ್ದು ಅವನ ಬೆನ್ನಿನ ಜೊತೆ ಮಾತ್ರ. ಉಳವಪ್ಪ ತಿರುಗಿ ನೋಡದೆ "ಹೌದ್ರಿ" ಎನ್ನುತ್ತಿದ್ದ, ಕುದುರೆ ಕಿವಿ ಆಡಿಸುತ್ತಿತ್ತು, ರಾಯರಿಗೆ ಅಷ್ಟೇ ಸಾಕಾಗುತ್ತಿತ್ತು.

ಮೂವತ್ತರ ದಶಕದ ಒಂದು ವರ್ಷ, ಸುಗ್ಗಿ ಮುಗಿಯುವ ಹೊತ್ತಿಗೆ ಉಳವಪ್ಪನಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಮಧ್ಯಾಹ್ನಕ್ಕೆ ಹಲ್ಲು ಕಟಕಟಿಸುವ ನಡುಕ, ಆಮೇಲೆ ಸುಡುವ ಜ್ವರ. ರಾಯರು ಕ್ವಿನೈನು ಶುರುಮಾಡಿದರು. ಅದು ಹಿಡಿತಕ್ಕೆ ಬರುವ ಮೊದಲೇ ಅವನ ಹಣೆಯ ಮೇಲೆ, ಮುಂಗೈ ಮೇಲೆ ಗುಳ್ಳೆಗಳು ಎದ್ದವು. ಹಳೇಹುಬ್ಬಳ್ಳಿಯ ಅವನ ಓಣಿಯಲ್ಲಿ ಆ ಹೊತ್ತಿಗೆ ಮೂರು ಮನೆಗಳ ಬಾಗಿಲಿಗೆ ಬೇವಿನ ತೊಪ್ಪಲು ಬಿದ್ದಿತ್ತು. ಇವನ ಬಾಗಿಲಿಗೂ ಬಿತ್ತು. ತಾಯಿ ಬಂದಾಳ, ಎಂದರು ಮನೆಯವರು. ಸಿಡುಬು, ಎಂದರು ರಾಯರು. ಇಬ್ಬರೂ ಹೇಳಿದ್ದು ಒಂದನ್ನೇ, ಆದರೆ ಮುಂದೆ ಮಾಡಬೇಕಾದದ್ದು ಬೇರೆಬೇರೆಯಾಯಿತು.

ತಾಯಿ ಬಂದ ಮನೆಯಲ್ಲಿ ಔಷಧ ನಡೆಯುವುದಿಲ್ಲ. ಒಗ್ಗರಣೆ ಹಾಕುವುದಿಲ್ಲ, ಜಗಳ ಆಡುವುದಿಲ್ಲ, ಮಲಗಿದವರನ್ನು ಹೆಸರು ಹಿಡಿದು ಕರೆಯುವುದೂ ಇಲ್ಲ. ಅವರೀಗ ಅವರಲ್ಲ, ತಾಯಿ. ಉಳವಪ್ಪನ ಅವ್ವ ಬೀರವ್ವ ಕ್ವಿನೈನಿನ ಬಾಟಲಿಯನ್ನು ರಾಯರ ಕೈಗೆ ವಾಪಸು ಕೊಟ್ಟು, ತಾಯಿಯನ್ನು ಕಳಿಸಿದ ಮೇಲೆ ನೋಡೋಣ ಎಂದಳು. ಅವನ ಹೆಂಡತಿ ಫಕೀರವ್ವ ಅತ್ತೆಯ ಮಾತಿಗೆ ಹೂಂಗುಟ್ಟಿದಳು.

ಸಿಡುಬಿಗೆ ರಾಯರ ಬಳಿಯೂ ಔಷಧವಿರಲಿಲ್ಲ. ಅದು ತಾನಾಗಿ ಬರಬೇಕು, ತಾನಾಗಿ ಹೋಗಬೇಕು, ಅಲ್ಲಿಯವರೆಗೆ ಜೀವ ತಾಳಬೇಕು. ಆದರೆ ತಾಳಲು ಚಳಿಜ್ವರ ಬಿಡುತ್ತಿರಲಿಲ್ಲ. ಮೈತುಂಬ ಕೀವು ತುಂಬಿದ ಗುಳ್ಳೆ, ಅದರ ಮೇಲೆ ದಿನ ಬಿಟ್ಟು ದಿನ ಮಂಚ ಅಲುಗುವಂಥ ನಡುಕ. ಇನ್ನು ಕೆಲವು ಸಲ ಹೀಗೆ ನಡುಗಿದರೆ ಉಳವಪ್ಪ ಉಳಿಯುವುದಿಲ್ಲವೆಂದು ರಾಯರಿಗೆ ಸ್ಪಷ್ಟವಾಗಿತ್ತು. ಒಬ್ಬ ಬೀಗನನ್ನು ಇಂದೇ ಸಾಗಹಾಕಬಹುದಿತ್ತು, ಔಷಧ ಅವರ ಚೀಲದಲ್ಲೇ ಇತ್ತು. ಕೊಡಲು ಮಾತ್ರ ಬರುವಂತಿರಲಿಲ್ಲ. ರಾಯರಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಹೆದರಿಕೆಯೂ ಬಂತು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟ ಮನುಷ್ಯ ಏನು ಮಾಡುತ್ತಾನೋ ರಾಯರೂ ಅದನ್ನೇ ಮಾಡಿದರು. ತಾಯಿಗೆಂದು ಒಂದು ಗಡಿಗೆ ಮಜ್ಜಿಗೆ ಪಡಸಾಲೆಯ ಮೂಲೆಯಲ್ಲಿ ಇಟ್ಟಿರುತ್ತಿದ್ದರು. ಮುಂಜಾನೆ ನೋಡಲು ಹೋದವರು, ಫಕೀರವ್ವ ನೀರಿಗೆ ಹೋದ ಸಮಯ ನೋಡಿ ಕ್ವಿನೈನನ್ನು ಆ ಗಡಿಗೆಗೆ ಸುರಿದು ಕಲಕಿಬಿಟ್ಟರು. ಒಂದು ಲೋಟಕ್ಕೆ ಹಾಕಿದರೆ ಕಹಿ ಗೊತ್ತಾದೀತು, ಗಡಿಗೆಯಲ್ಲಿ ಕರಗಿಹೋದೀತು ಎಂಬುದು ಅವರ ಲೆಕ್ಕ.

ವೈಷ್ಣವರ ಮನೆಯಲ್ಲಿ ಹುಟ್ಟಿ ಬೆಳೆದ ರಾಯರಿಗೆ ಈ ಓಣಿಯ ಪದ್ಧತಿ ಪೂರ್ತಿ ತಿಳಿದಿರಲಿಲ್ಲ. ಮಲಗಿದವನೇ ತಾಯಿಯಾದ ಮೇಲೆ ಅವನು ಕುಡಿದದ್ದು ಪ್ರಸಾದ, ಉಳಿದದ್ದನ್ನು ಮನೆಯವರೆಲ್ಲ ಒಂದೊಂದು ಚಮಚೆ ತೆಗೆದುಕೊಳ್ಳಬೇಕು. ಉಳವಪ್ಪ ಒಂದು ದೊಡ್ಡ ವಾಟಗ ಮಜ್ಜಿಗೆಯನ್ನು ಮುಖ ಕಿವುಚದೆ ಗಟಗಟ ಕುಡಿದ, ಇನ್ನಷ್ಟು ಬೇಕೆಂದು ಸನ್ನೆಯನ್ನೂ ಮಾಡಿದ. ಪಾಪ, ನಾಲಗೆ ಸತ್ತಿದೆ, ಎಂದುಕೊಂಡರು ರಾಯರು, ಗೆದ್ದೆನೆಂದು ಒಳಗೊಳಗೇ ಹಿಗ್ಗಿದರು. ಆಮೇಲೆ ಬೀರವ್ವ ತನ್ನ ಚಮಚೆ ಬಾಯಿಗೆ ಸುರಿದುಕೊಂಡಳು. ಅವಳ ಮುಖ ಕಿವುಚಿದ ರೀತಿ ನೋಡಿಯೇ ಉಳಿದವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಎಲ್ಲರ ಕಣ್ಣೂ ರಾಯರ ಚೀಲದ ಕಡೆ ಹೋಯಿತು. ಬೀರವ್ವ ಕೂಗಾಡಲಿಲ್ಲ, ತಾಯಿ ಇರುವ ಮನೆಯಲ್ಲಿ ಕೂಗಾಡುವಂತಿರಲಿಲ್ಲ. ಬಾಗಿಲು ತೋರಿಸಿದಳು, ಅಷ್ಟೇ.

ಹೊರಗೆ ಉಳವಪ್ಪನ ಕುದುರೆ ರಾಯರನ್ನು ಕಂಡು ಎದ್ದು ನಿಂತಿತು. ಅದರ ಮುಖ ನೋಡಲಾಗದೆ ರಾಯರು ಬಿಸಿಲಲ್ಲಿ ನಡೆದೇ ಹೊರಟರು. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಅವರಿಗೆ ಅದು ಬಂದದ್ದು ದುರಗವ್ವನ ಗುಡಿಯ ಮುಂದೆ. ಆ ಓಣಿಯ ಯಾವ ಮನೆಗೆ ತಾಯಿ ಬಂದರೂ ಪೂಜೆಗೆ ಹೋಗುವವಳು ಈ ಗುಡಿಯ ಪೂಜಾರಿ ಈರವ್ವ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವಳ ಮೇಲೆ ಚೇಷ್ಟೆ ಮಾಡಿ ನಗುತ್ತಿದ್ದ ರಾಯರು ಇಂದು ಅವಳ ಕಟ್ಟೆಯ ಮೇಲೆ ತಾವಾಗಿಯೇ ಹೋಗಿ ಕುಳಿತರು. ಮಾಡಿದ್ದನ್ನೆಲ್ಲ ಬಿಚ್ಚಿ ಹೇಳಿದರು. ಈರವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಕೇಳಿದಳು.

"ಈರವ್ವಾ, ನಿನ್ನ ತಾಯಿ ಬರೋಕಿಂತ ಮೊದಲ ಚಳಿ ಬಂದು ಕೂತಿತ್ತು," ಎಂದರು ರಾಯರು. "ತಾಯಿನ್ನ ಕಳಸು ಅಂತ ನಾ ಅನ್ನೂದಿಲ್ಲ. ಆಕಿ ಇರೂ ಮನಿ ಕಸಾ ಹೊಡೀತೀನಿ ಅಂತೀನಿ. ದೊಡ್ಡವರು ಬಂದಾಗ ಮನಿ ಕಸಾ ಹೊಡಿಯೂದಿಲ್ಲೇನು?"

"ಹೊಡೀಬ್ಯಾಡ್ರಿ ಅಂತ ಯಾರಂದ್ರು ರಾಯರ?" ಎಂದಳು ಈರವ್ವ. "ತಾಯಿಗೆ ಕಹಿ ಹೊಸಾದಲ್ಲ, ಬೇವು ತಿನ್ನೂ ದೇವರು ಆಕಿ. ನೀವು ಕದ್ದ ಹಾಕಿದ್ರಿ. ಕೇಳಿ ಹಾಕಬೇಕಾಗಿತ್ತು."

ಕೇಳುವುದಾದರೆ ಈಗಲೇ ಕೇಳೋಣ ಎಂದು ಎದ್ದಳು. ದೇವಿಯ ಎರಡು ಭುಜಗಳಿಗೂ ಒದ್ದೆ ಹೂವಿನ ಎಸಳು ಅಂಟಿಸಿ ದೀಪ ಹಚ್ಚಿದಳು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ರಾಯರು ಇಂಥದ್ದನ್ನು ಎಂದೂ ನಂಬಿದವರಲ್ಲ. ಎಸಳು ಒಣಗಿದಾಗ ಬೀಳುತ್ತದೆ, ಗಾಳಿ ಬಂದ ಕಡೆಯದು ಮೊದಲು ಒಣಗುತ್ತದೆ, ಇಷ್ಟೇ ವಿಷಯವೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಲಗಡೆಯ ಎಸಳಿನಿಂದ ಕಣ್ಣು ಕೀಳಲಿಲ್ಲ. ಉಳವಪ್ಪನಿಲ್ಲದ ಟಾಂಗಾದಲ್ಲಿ ತಾವು ಬೇರೆ ಯಾರದೋ ಬೆನ್ನು ನೋಡುತ್ತ ಕುಳಿತಂತೆ ಕಣ್ಣಿಗೆ ಕಟ್ಟಿತು. ಅವರ ಕೈಗಳು ಯಾವಾಗ ಜೋಡಿಕೊಂಡವೋ ಅವರಿಗೇ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಬಲಗಡೆಯ ಎಸಳು ಜಾರಿತು.

ಈರವ್ವ ಅವರನ್ನು ಕರೆದುಕೊಂಡೇ ಉಳವಪ್ಪನ ಮನೆಗೆ ಹೋದಳು. ರಾಯರು ಬೀರವ್ವನ ಮುಂದೆ ನಿಂತು ತಪ್ಪಾಯಿತೆಂದು ಹೇಳಿ, ಎಲ್ಲರೆದುರು ಬಾಟಲಿ ತೆಗೆದರು. ಈರವ್ವನದು ಒಂದೇ ಕರಾರು. ತಾಯಿಗೆ ಕೊಟ್ಟದ್ದು ಪ್ರಸಾದ, ಪದ್ಧತಿ ಬಿಡುವಂತಿಲ್ಲ, ಮನೆಯವರೆಲ್ಲ ಒಂದೊಂದು ಚಮಚೆ ತೆಗೆದುಕೊಳ್ಳಬೇಕು, ಕೊಟ್ಟ ಡಾಕ್ಟರರೂ ತೆಗೆದುಕೊಳ್ಳಬೇಕು.

ಅಂದಿನಿಂದ ದಿನಾ ಮುಂಜಾನೆ ಆ ಪಡಸಾಲೆಯಲ್ಲಿ ಒಂದು ನೋಟ ಕಾಣಸಿಗುತ್ತಿತ್ತು. ಉಳವಪ್ಪ ತನ್ನ ಪಾಲು ಕುಡಿಯುತ್ತಿದ್ದ. ಆಮೇಲೆ ಬೀರವ್ವ, ಫಕೀರವ್ವ, ಈರವ್ವ, ಕೊನೆಗೆ ಬಿಂದುಮಾಧವರಾಯರು ಸಾಲಾಗಿ ಕುಳಿತು ಕಣ್ಣು ಮುಚ್ಚಿ ನುಂಗುತ್ತಿದ್ದರು. ಜೀವಮಾನವಿಡೀ ಊರಿಗೆಲ್ಲ ಕ್ವಿನೈನು ಕುಡಿಸಿದ ರಾಯರು ಅದರ ರುಚಿ ನೋಡಿದ್ದು ಆಗಲೇ. ಮೊದಲ ದಿನ ಕೆಮ್ಮಿ ಕಣ್ಣೀರು ತಂದುಕೊಂಡರು. ತಾಯಿಯ ಮನೆಯಲ್ಲಿ ನಗಬಾರದೆಂದು ಫಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ನಡುಕ ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನಡುಕ ನಿಂತ ಮೈಯಲ್ಲಿ ಸಿಡುಬನ್ನು ತಾಳುವಷ್ಟು ಕಸುವು ಉಳಿಯಿತು. ಗುಳ್ಳೆ ಒಣಗಿದವು, ಹಕ್ಕಳೆ ಉದುರಿದವು. ತಲೆಗೆ ನೀರು ಹಾಕಿಸಿಕೊಂಡ ದಿನ ಉಳವಪ್ಪ ಕುದುರೆಯನ್ನು ಹೆಸರು ಹಿಡಿದು ಕರೆದ. ಪ್ರತಿವರ್ಷ ತಪ್ಪದೆ ಬರುತ್ತಿದ್ದ ಬೀರವ್ವನ ಚಳಿಜ್ವರ ಆ ವರ್ಷ ಬರಲಿಲ್ಲ. ಎಲ್ಲಾ ತಾಯಿಯ ಕೃಪೆ ಎಂದಳು ಅವಳು.

ತಾಯಿಯನ್ನು ಕಳಿಸುವ ದಿನ ಎಲ್ಲರೂ ಊರ ಎಲ್ಲೆಯ ಬೇಲಿಯ ಹತ್ತಿರ ಹೋದರು. ಹಸಿರು ಕುಬಸ, ಬಳೆ, ಮೊಸರನ್ನ ಇಟ್ಟು ಉಡಿ ತುಂಬಿದರು. ಈರವ್ವ ಪಕ್ಕದಲ್ಲೇ ಇನ್ನೊಂದು ಸಣ್ಣ ಎಡೆ ಬಡಿಸಿದಳು. ಅದು ಯಾರಿಗೆಂದು ರಾಯರು ಕೇಳಿದರು.

"ನಿಮ್ಮ ಚಳಿಗಿ," ಎಂದಳು. "ಬಂದವರು ಇಬ್ಬರಲ್ರಿ? ಸಣ್ಣವರು ಅಂತ ಅರ್ಧಕ್ಕ ಬಿಟ್ರ ತಿರುಗಿ ಬರ್ತಾರ."

ನಡುಕ ನಿಂತ ಕೂಡಲೇ ಔಷಧ ಬಿಡಬೇಡಿ, ಬಿಟ್ಟರೆ ತಿರುಗಿ ಬರುತ್ತದೆ ಎಂದು ಊರಿಗೆಲ್ಲ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ ರಾಯರು ಆ ಬೇಲಿಯ ಪಕ್ಕ ನಿಂತು ಹೊಟ್ಟೆ ತುಂಬ ನಕ್ಕರು. ಮುಂದೆ ಅವರು ಆ ಓಣಿಯ ಯಾವ ಮನೆಗೆ ಹೋದರೂ ಈರವ್ವನನ್ನು ಕರೆದುಕೊಂಡೇ ಹೋಗುತ್ತಿದ್ದರು, ಕೆಲವು ಸಲ ಅವಳೇ ಇವರನ್ನು ಕರೆಯಲು ಬರುತ್ತಿದ್ದಳು.

ಮಳೆಗಾಲಕ್ಕೆ ಮೊದಲು ಉಳವಪ್ಪ ಮತ್ತೆ ಟಾಂಗಾ ಹೂಡಿದ. ಮುಖದ ತುಂಬ ಕಲೆ, ಬೆನ್ನು ಮಾತ್ರ ಹಳೆಯದೇ. ರಾಯರು ಹಿಂದೆ ಕುಳಿತು ಆ ಬೆನ್ನಿಗೆ ತಮ್ಮ ಕಳ್ಳತನದ ಕಥೆಯನ್ನು ಹೇಳತೊಡಗಿದರು. ಅವನ ನಾಲಗೆ ಸತ್ತಿತ್ತೆಂದು ತಾವು ಎಷ್ಟು ಹಿಗ್ಗಿದ್ದರು, ಬೀರವ್ವನ ಮುಖ ಹೇಗೆ ಕಿವುಚಿತು, ಎಲ್ಲಾ ಹೇಳಿ ನಕ್ಕರು. ಉಳವಪ್ಪ ಎಂದಿನಂತೆ "ಹೌದ್ರಿ" ಎನ್ನಲಿಲ್ಲ. ಲಗಾಮು ಜಗ್ಗಿ ಗಾಡಿ ನಿಲ್ಲಿಸಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಹಿಂದಕ್ಕೆ ತಿರುಗಿದ.

"ನಾಲಿಗಿ ಸತ್ತಿರಲಿಲ್ರಿ ರಾಯರ," ಎಂದ. "ಬಾಯಿಗಿಟ್ಟ ಕೂಡ್ಲೆ ನಿಮ್ಮ ಔಷಧ ಅಂತ ಗೊತ್ತಾತು. ಮುಖಾ ಕಿವುಚಿದ್ರ ನಿಮ್ಮನ್ನ ಹೊರಗ ಹಾಕ್ತಾರ ಅಂತ ಸುಮ್ಮನ ಕುಡದ್ನಿ. ಇನ್ನಷ್ಟು ಬೇಕಂದದ್ದೂ ಅದಕ್ಕ."

ರಾಯರು ಕೊಡೆಯನ್ನು ಬಿಚ್ಚಿದರು, ಬಿಸಿಲಿಲ್ಲವೆಂದು ತಿಳಿದು ಮತ್ತೆ ಮಡಿಚಿದರು. ಆಮೇಲೆ ಅವನ ಬೆನ್ನಿನ ಮೇಲೆ ಕೈಯಿಟ್ಟು, ನಡಿ ಉಳವಪ್ಪ, ಹೊತ್ತಾಯ್ತು, ಎಂದರು.