ಹುಣಸೆಹಣ್ಣು ಸುತ್ತಿದ್ದ ಕಥೆ

ಅಕ್ಕನಿಗೆ ಒಂದು ಕಥೆಯ ಕೊನೆಯನ್ನು ನಾನು ಕೊಡಲಿಲ್ಲ. ಕೊಡಲಿಲ್ಲ ಎಂದರೂ ಅರ್ಧ ಸುಳ್ಳೇ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಒಯ್ದು, ಅವಳ ಕಣ್ಣೆದುರಿಗೇ ಒಲೆಗೆ ಹಾಕಿಸಿದೆ.

ಮೊನ್ನೆ ನನ್ನ ಮಗಳು ಹೊಸ ಹುಣಸೆಹಣ್ಣನ್ನು ಹಳೇ ಪತ್ರಿಕೆಯ ಹಾಳೆಯಲ್ಲಿ ಸುತ್ತುತ್ತಿದ್ದಳು. ಹುಳಿ, ಉಪ್ಪು, ಮಸಿ ಮೂರೂ ಸೇರಿದ ಆ ವಾಸನೆ ಬಂತು ನೋಡಿ... ಕೂತಲ್ಲೇ ಕೂತುಬಿಟ್ಟೆ.

ಎಪ್ಪತ್ತರ ದಶಕದ ಕೊನೆ. ನಾವು ಮಂಡಿಯಿಂದ ಹುಣಸೆಹಣ್ಣು ಮನೆಗೆ ತಂದು, ಕುಟ್ಟಿ, ಬೀಜ ಬಿಡಿಸಿಕೊಡುತ್ತಿದ್ದೆವು. ಅಕ್ಕ ಕನ್ನಡ ಶಾಲೆಯಲ್ಲಿ ಏಳರವರೆಗೆ ಓದಿದ್ದಳು. ನಾನು ತೆಲುಗು ಶಾಲೆಯಲ್ಲಿ ಮೂರಕ್ಕೇ ಮುಗಿಸಿದ್ದೆ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಒಬ್ಬರ ಸಣ್ಣಕಥೆಗಳೆಂದರೆ ಅವಳಿಗೆ ಪ್ರಾಣ. ಬೀಜ ಬಿಡಿಸುತ್ತಾ ಅವಳು ಕಥೆ ಹೇಳತೊಡಗಿದರೆ ಸುತ್ತ ಕೂತ ಹೆಂಗಸರ ಕೈ ನಿಂತುಹೋಗುತ್ತಿತ್ತು.

"ಇವ್ರು ಯಾರ್ನೂ ಬೈಯಲ್ಲ ಕಣ್ಲಾ," ಎನ್ನುತ್ತಿದ್ದಳು. "ತಪ್ಪು ಮಾಡ್ದೋನ್ನೂ ಪಕ್ಕದಾಗೆ ಕೂರಿಸ್ಕೊಂಡು ಮಾತಾಡ್ತಾರೆ."

ಅವಳನ್ನು ಕೊಟ್ಟಿದ್ದು ಕಲ್ಯಾಣದುರ್ಗಕ್ಕೆ. ಆ ಮನೆಯಲ್ಲಿ ಎಲ್ಲರದೂ ತೆಲುಗು. ಓದುತ್ತಾ ಕೂತು ಒಮ್ಮೆ ಸಾರು ಸೀಯಿಸಿದಳೆಂದು ಅವಳ ಅತ್ತೆ ಪತ್ರಿಕೆಗಳನ್ನೆಲ್ಲ ಹೊರಗೆ ಹಾಕಿಸಿದರು. "ಕಥಲು ತಿನಿ ಬತುಕುತಾವಾ?" ಕಥೆ ತಿಂದು ಬದುಕುತ್ತೀಯಾ ಎಂದು ದಿನಕ್ಕೊಮ್ಮೆ ಚುಚ್ಚುತ್ತಿದ್ದರು. ಅಕ್ಕ ಒಬ್ಬಳೇ ಬಾಗಿಲು ದಾಟುವಂತಿರಲಿಲ್ಲ.

ತವರಿನ ಹುಣಸೆಹಣ್ಣು ಒಯ್ಯುವವನು ನಾನು. "ಅದ್ನ ಸುತ್ತಿರೋ ಕಾಗ್ದಾನ ಯಾರೂ ನೋಡಲ್ಲ ಕಣ್ಲಾ," ಎಂದು ಅಕ್ಕನೇ ದಾರಿ ಹುಡುಕಿದಳು. ಕಥೆಗಾರರ ಹೆಸರನ್ನು ನೆಲದ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ಹಿಂದೂಪುರದ ಕ್ಷೌರದಂಗಡಿಯ ಹಳೇ ಪತ್ರಿಕೆಗಳಲ್ಲಿ ಆ ಹೆಸರು ಹುಡುಕಿ, ಹಾಳೆ ಕಿತ್ತು, ಹಣ್ಣು ಸುತ್ತಿ ಒಯ್ಯುತ್ತಿದ್ದೆ. ಅವಳು ಅಂಟು ಒರೆಸಿ, ಒಣಗಿಸಿ, ಹಿತ್ತಲಲ್ಲಿ ಓದುತ್ತಿದ್ದಳು. "ಹೆಂಗೈತಕ್ಕ ಕಥೆ?" ಎಂದರೆ, "ಉಪ್ಪು ಒಸಿ ಜಾಸ್ತಿ," ಎಂದು ನಗುತ್ತಿದ್ದಳು.

ಒಂದು ಕಥೆ ಎರಡು ವಾರ ಬಂದಿತ್ತು. ಗಂಡನ ಮನೆ ಬಿಟ್ಟು ಹೊರಟವಳೊಬ್ಬಳು ಮುಚ್ಚಿದ ರೈಲ್ವೆ ಗೇಟಿನ ಮುಂದೆ ನಿಂತಿದ್ದಾಳೆ. ಮೊದಲ ವಾರ ಅಲ್ಲಿಗೇ ನಿಂತಿತ್ತು.

"ಆಚೆ ಹೋದ್ಲೋ, ತಿರುಗಿ ಬಂದ್ಲೋ... ಬೇಗ ತಂದ್ಬುಡು," ಎಂದು ಅಕ್ಕ ಹೊಸ್ತಿಲವರೆಗೆ ಬಂದು ಹೇಳಿದಳು.

ಮುಂದಿನ ವಾರದ ಹಾಳೆಗಳನ್ನು ತಂದೆ. ಆದರೆ ಆ ದಿನ ಗಂಟು ಬಿಚ್ಚಿದ್ದು ಅತ್ತೆ. ಹರಿಯದೆ, ಪುಟದ ಮೇಲೆ ಪುಟ ಜೋಡಿಸಿ ಮಡಿಸಿದ್ದ ಹಾಳೆಗಳನ್ನು ನೋಡಿ ನನ್ನ ಕಡೆ ತಿರುಗಿದರು. "ಏಂದಬ್ಬೀ, ಇವಿ ಅದಿ ಚದಿವೇದಾನಿಕಾ?" ಅವಳು ಓದಲಿಕ್ಕಾ, ಎಂದು.

ಹೌದು ಎನ್ನಬಹುದಿತ್ತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಆದರೆ "ಕಾದತ್ತಾ," ಅಲ್ಲ ಅತ್ತೆ, ಎಂದೆ. "ರದ್ದಿ. ಒಲೆ ಹಚ್ಚಕ್ಕೆ ಆಯ್ತದೆ."

ಅವರು ಅಲ್ಲೇ ಒಲೆಗೆ ತುರುಕಿದರು. ಅಕ್ಕ ಅದೇ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಲಿಲ್ಲ. ನನ್ನತ್ತ ಒಮ್ಮೆ ನೋಡಿದಳು, ಅಷ್ಟೇ...

ಆಮೇಲೆ ನಾನು ಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯತೊಡಗಿದೆ. ಅವಳು ಒಮ್ಮೆಯೂ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಕೆಲವು ವರ್ಷಗಳಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ಮೊನ್ನೆಯ ವಾಸನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಆ ಕಥೆಗಾರರ ಪುಸ್ತಕ ಹುಡುಕಿಸಿ ತರಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಗೇಟು ತೆಗೆಯುವ ಮೊದಲೇ ಆ ಹೆಂಗಸು ಮನೆಗೆ ಮರಳುತ್ತಾಳೆ. ಪುಸ್ತಕ ಹಿಡಿದು ಕಲ್ಯಾಣದುರ್ಗಕ್ಕೆ, ಅಕ್ಕನ ಮಗಳ ಮನೆಗೆ ಹೋದೆ.

"ಗೇಟಿನ ಕಥೆನಾ ಮಾವ? ನಂಗೊತ್ತು," ಎಂದಳು ಅವಳು. "ಜಡೆ ಹಾಕುವಾಗೆಲ್ಲ ಅಮ್ಮ ಹೇಳೋಳು. ಆಯಮ್ಮನ ತಮ್ಮ ಓಡಿ ಬಂದು ಗೇಟು ತೆಗೆಸ್ತಾನೆ. ಆಯಮ್ಮ ಆಚೆ ಹೋಗ್ಬುಡ್ತಾಳೆ."

ಪುಸ್ತಕದ ಕಥೆಯಲ್ಲಿ ತಮ್ಮನೇ ಇರಲಿಲ್ಲ.

ನಾನು ಪುಸ್ತಕ ತೆರೆಯಲಿಲ್ಲ. ಗೋಡೆಯ ಮೇಲಿನ ಅಕ್ಕನ ಫೋಟೋದ ಮುಂದೆ ನಿಂತೆ. ಅವಳ ಮಗಳು ಕೇಳುತ್ತಿದ್ದಾಳೆಂದು ಗೊತ್ತಿದ್ದೂ ಬಾಯಿಬಿಟ್ಟೇ ಹೇಳಿದೆ.

"ಅಕ್ಕ, ಅದು ರದ್ದಿ ಅಲ್ಲ, ನಿಂಗೇ ತಂದಿದ್ದು. ಹೆದರ್ಕೊಂಡ್ಬುಟ್ಟೆ. ತಪ್ಪಾಯ್ತು ಕಣಕ್ಕ."