ಗೊತ್ತಾಯ್ತು ಅಂದರೆ ಗೊತ್ತಿತ್ತೇ?

ನೌಕಾಪಡೆಯವರೊಬ್ಬರನ್ನು ಮದುವೆಯಾಗಿ ಮಂಡ್ಯದಿಂದ ವಿಶಾಖಪಟ್ಟಣಕ್ಕೆ ಬಂದವಳು ನಾನು. ನನ್ನ ತೆಲುಗೆಲ್ಲ ಎಂವಿಪಿ ಕಾಲೋನಿಯ ತರಕಾರಿಯವರ ಜೊತೆ ಜಗಳವಾಡಿ ಕಲಿತದ್ದು. ವ್ಯಾಕರಣ ಸೊನ್ನೆ, ಗಂಟಲು ಮಾತ್ರ ಜೋರು. ಮೇಲಿನ ಮಹಡಿಯ ವಕೀಲರು ಇದನ್ನು ದಿನವೂ ಕೇಳಿಸಿಕೊಳ್ಳುತ್ತಿದ್ದರೆಂಬುದು ಅವರು ಬಂದು ನಮ್ಮ ಬಾಗಿಲು ತಟ್ಟಿದಾಗಲೇ ತಿಳಿದದ್ದು.

“ಮೇಡಂ ಗಾರು, ಕೋರ್ಟಿಗೆ ಒಂದರ್ಧ ಗಂಟೆ ಬರಬೇಕಂಡಿ. ನಮ್ಮ ಕಕ್ಷಿದಾರನಿಗೆ ಕನ್ನಡ ಬಿಟ್ಟರೆ ಏನೂ ಬರೋದಿಲ್ಲ. ದುಭಾಷಿ ಸಿಗುತ್ತಿಲ್ಲ,” ಎಂದರು ತೆಲುಗಿನಲ್ಲಿ.

ಕಕ್ಷಿದಾರ ಶಿರಾ ಕಡೆಯ ಲಾರಿ ಡ್ರೈವರ್. ಬಂದರಿನಲ್ಲಿ ಸರಕು ಇಳಿಸಿ ಹಿಂದಿರುಗುವಾಗ ವಿಜಯವಾಡದ ಗವರ್ನರ್‌ಪೇಟೆಗೆಂದು ಹುಣಸೆಹಣ್ಣಿನ ಮೂಟೆ ಹೇರಿಕೊಂಡಿದ್ದ. ಊರಾಚೆಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಿಚ್ಚಿಸಿದರೆ ಕೆಳಗಿನ ಮೂಟೆಗಳಲ್ಲಿ ಗಾಂಜಾ. ಅದು ಲಾರಿಯಲ್ಲಿತ್ತು ಎಂಬುದಕ್ಕೆ ಯಾರದೂ ತಕರಾರಿಲ್ಲ. ಇದೆಯೆಂದು ಅವನಿಗೆ ಗೊತ್ತಿತ್ತೇ ಎಂಬುದೇ ಕೇಸು. ಗೊತ್ತಿತ್ತು ಎಂದಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಎಂದರು ವಕೀಲರು. ಬರುತ್ತೇನೆ ಎಂದುಬಿಟ್ಟೆ.

ಒಬ್ಬರ ತಲೆ ಬಿಚ್ಚಿ ನೋಡಲಾಗುವುದಿಲ್ಲವಲ್ಲ, ಸುತ್ತಮುತ್ತಲಿನ ಸಂಗತಿಗಳಿಂದ ಊಹಿಸಬೇಕಂತೆ. ಪೊಲೀಸರ ಪ್ರಕಾರ ಅವನು ಟಾರ್ಪಾಲನ್ನು ವಿಪರೀತ ಬಿಗಿಯಾಗಿ ಕಟ್ಟಿದ್ದ, ಅವರನ್ನು ಕಂಡು ಬೆವರಿದ. ಟಾರ್ಪಾಲು ಸಡಿಲವಾಗಿ ಕಟ್ಟುವ ಡ್ರೈವರನ್ನು ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ? ಬೆವರೇ ಸಾಕ್ಷಿಯಾದರೆ ಬೇಸಿಗೆಯಲ್ಲಿ ಇಡೀ ವಿಶಾಖಪಟ್ಟಣ ಜೈಲಿನಲ್ಲಿರಬೇಕು, ಪೊಲೀಸರೂ ಸೇರಿ. ಮೂರನೆಯದು ಮಾತ್ರ ನಗುವಂಥದ್ದಲ್ಲ. ಅರೆಬರೆ ಕನ್ನಡ ಬಲ್ಲ ಪೇದೆಯೊಬ್ಬರು ಮೂಟೆ ತೋರಿಸಿ “ಇದರಲ್ಲಿ ಗಾಂಜಾ ಇದೆ” ಎಂದಾಗ ಇವನು “ಗೊತ್ತಾಯ್ತು ಸಾರ್” ಎಂದಿದ್ದ. ಪೇದೆ ಅದನ್ನು ತೆಲುಗಿಗೆ ತಂದದ್ದು ‘ತೆಲುಸು’ ಎಂದು. ಅಂದರೆ ಮೊದಲೇ ಗೊತ್ತಿತ್ತು! ಪೊಲೀಸರ ಮುಂದೆ ಆಡಿದ ಮಾತು ಸಾಕ್ಷಿಯಾಗದೆಂದು ವಕೀಲರು ವಾದಿಸಿದ್ದರಂತೆ. ಆದರೂ ಆ ಮಾತು ಎಲ್ಲರ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಕೋರ್ಟಿನಲ್ಲಿ ನನ್ನಿಂದ ಪ್ರಮಾಣ ಮಾಡಿಸಿದರು. ನ್ಯಾಯಾಧೀಶರ ಮೊದಲ ಪ್ರಶ್ನೆಯನ್ನು ನಾನು ಕನ್ನಡಕ್ಕೆ ತಿರುಗಿಸಿದೆ: “ನಿನ್ನ ಲಾರಿಯಲ್ಲಿ ಗಾಂಜಾ ಸಿಕ್ತು ಅಂತ ಸಾಕ್ಷಿಗಳು ಹೇಳಿದ್ದಾರೆ. ಅದಕ್ಕೇನು ಹೇಳ್ತೀಯಪ್ಪ?”

ಅವನು ಕೈಮುಗಿದು, “ಗೊತ್ತಾಯ್ತು ಸಾರ್,” ಎಂದ.

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಸರ್ಕಾರಿ ವಕೀಲರು ಎದ್ದೇಬಿಟ್ಟರು.

“ಅರ್ಥಮೈಂದಿ ಅಂಟುನ್ನಾಡಂಡಿ,” ಎಂದೆ ನಾನು. ಪ್ರಶ್ನೆ ಅರ್ಥವಾಯಿತು ಅನ್ನುತ್ತಿದ್ದಾನೆ, ಅಷ್ಟೇ.

“ಗೊತ್ತು ಅಂದರೆ ತೆಲುಸು. ನಾನು ಬಳ್ಳಾರಿಯಲ್ಲಿ ಓದಿದವನು,” ಎಂದರು ಸರ್ಕಾರಿ ವಕೀಲರು.

ನನ್ನ ಭಾಷೆಯನ್ನು ನನಗೇ ಕಲಿಸಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. “ಗೊತ್ತು ಬೇರೆ, ಗೊತ್ತಾಯ್ತು ಬೇರೆ! ನೀವು ಬಳ್ಳಾರಿಯಲ್ಲಿ ಓದಿದ್ದೇನು, ಬರೀ ಹೋಟೆಲ್ ಬೋರ್ಡೇ?” ಎಂದು ತರಕಾರಿ ಮಾರ್ಕೆಟ್ಟಿನ ಗಂಟಲಲ್ಲೇ ಕೇಳಿದೆ. ನ್ಯಾಯಾಧೀಶರು ಮೇಜು ಕುಟ್ಟಿದರು. ಇನ್ನು ನನ್ನನ್ನೂ ಒಳಗೆ ಹಾಕುತ್ತಾರೆ ಅಂದುಕೊಂಡೆ. ಅವರು ನನ್ನತ್ತ ತಿರುಗಿ, “ಇವತ್ತು ನಮ್ಮ ಮನೆಯಲ್ಲಿ ಹಾಗಲಕಾಯಿ ಪುಲುಸು ಅಂತ ಅವನಿಗೆ ಹೇಳಮ್ಮಾ,” ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೇಳಿದೆ: “ಇವತ್ತು ಸಾಹೇಬ್ರ ಮನೇಲಿ ಹಾಗಲಕಾಯಿ ಹುಳಿಯಂತೆ.”

ಅವನು ಇನ್ನಷ್ಟು ಬಗ್ಗಿ ಕೈಮುಗಿದ. “ಗೊತ್ತಾಯ್ತು ಸಾರ್.”

“ನನಗೇ ಮನೆಯಿಂದ ಹೊರಡುವಾಗ ತಿಳಿದದ್ದು,” ಎಂದರು ನ್ಯಾಯಾಧೀಶರು ಸರ್ಕಾರಿ ವಕೀಲರ ಕಡೆ ತಿರುಗಿ. “ಜೈಲಿನಲ್ಲಿದ್ದ ಇವನಿಗೆ ಮೊದಲೇ ಹೇಗೆ ಗೊತ್ತಿತ್ತು?”

ಇಡೀ ಕೋರ್ಟು ನಕ್ಕಿತು. ಅವನೊಬ್ಬ ನಗಲಿಲ್ಲ, ಏನಾಯಿತೆಂದು ಹೇಳಲು ನನಗೂ ಬಿಡುವಾಗಲಿಲ್ಲ.

ತೀರ್ಪಿನ ದಿನವೂ ದುಭಾಷಿಯಾಗಿ ಹೋಗಿದ್ದೆ. ಅವನಿಗೆ ಗೊತ್ತಿತ್ತೆಂದು ಒಪ್ಪಲಾಗದು, ಬಿಡುಗಡೆ, ಎಂದರು. ಹೊರಗೆ ವರಾಂಡದಲ್ಲಿ ಅವನು ನನ್ನ ಕಾಲಿಗೆ ಬೀಳಲು ಬಂದ. ಹಿಡಿದು ನಿಲ್ಲಿಸಿದೆ. ನನಗೂ ಕಣ್ಣು ತುಂಬಿತ್ತು. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು, ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ.

“ಅಲ್ಲ ತಮ್ಮಾ, ನಿಜ್ವಾಗ್ಲೂ ನಿಂಗೆ ಗೊತ್ತಿರ್ಲಿಲ್ವಾ?”

“ದೇವ್ರಾಣೆ ಗೊತ್ತಿರ್ಲಿಲ್ಲ ಕಣಕ್ಕಾ,” ಎಂದ ಕಣ್ಣೊರೆಸಿಕೊಳ್ಳುತ್ತ. “ಹತ್ರ ಹೋಗಿ ಮೂಸಿದ್ರೆ ಗೊತ್ತಾಗ್ಬಿಡೋದು. ಅದ್ಕೇ ಹೋಗ್ಲಿಲ್ಲ.”

ನನಗೆ ಸಿಟ್ಟು ಬಂತು. ಅದರ ಹಿಂದೆಯೇ ಹೆದರಿಕೆಯೂ ಬಂತು, ಸುತ್ತ ನೋಡಿದೆ. ವಕೀಲರು ಫೈಲು ಕಟ್ಟಿಕೊಂಡು ನಗುತ್ತ ನಮ್ಮತ್ತ ಬರುತ್ತಿದ್ದರು.

“ಏಮಂಟುನ್ನಾಡಂಡಿ?” ಏನು ಹೇಳುತ್ತಿದ್ದಾನೆ, ಎಂದು ಕೇಳಿದರು.

“ಊರಿಗೆ ಬಸ್ಸು ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದಾನೆ,” ಎಂದೆ ತೆಲುಗಿನಲ್ಲಿ.