“ನನ್ನಿಂದ್ಲೇ ಬಂದಿರೋದು, ಬರ್ಕಳಿ”

ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮೊಣಕೈವರೆಗೂ ಹಿಟ್ಟು. ಫೋನನ್ನು ಸೆರಗಿನಲ್ಲೇ ಹಿಡಿದು ಕಿವಿಗಿಟ್ಟುಕೊಂಡೆ. ಕಣಕಟ್ಟೆಯಿಂದ, ನಮ್ಮ ತೆಂಗಿನ ತೋಟದ ಪಕ್ಕದವರು.

“ನಿಮ್ಮಾವ್ರು ಬಸ್ಸಿಳಿದವ್ರು ಬಿದ್ಬಿಟ್ರು ಕಣಕ್ಕ. ಯಾವಾಗ್ಲೂ ಎಡವ್ತಿದ್ರಲ್ಲ, ಹಂಗೇಯ ಅಂದ್ಕಂಡು ನಕ್ಬಿಟ್ವಿ. ಏಳ್ಲೇ ಇಲ್ಲ ಕಣಕ್ಕ.” ಅಷ್ಟು ಹೇಳಿ ಆ ಗಂಡಸು ಅತ್ತುಬಿಟ್ಟರು. ಎದೆಬಡಿತ ನಿಂತುಹೋಗಿತ್ತಂತೆ.

ನಕ್ಕರೆಂದು ನನಗೆ ಸಿಟ್ಟಿಲ್ಲ. ನಾನಿದ್ದರೂ ನಗುತ್ತಿದ್ದೆನೇನೋ. ಮಾವನವರ ಹೆಬ್ಬೆರಳಿನ ಉಗುರು ಇಡಿಯಾಗಿದ್ದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿಲ್ಲ. ಹೊಸಿಲು ಎಡವುವರು, ಬಾಗಿಲಿಗೆ ಭುಜ ಹೊಡೆಸಿಕೊಳ್ಳುವರು. ಅಂಗಿಯ ಗುಂಡಿ ಒಂದಾದರೂ ತಪ್ಪು ಕಾಜಿನಲ್ಲಿರುತ್ತಿತ್ತು. ಕೂತಲ್ಲಿ ಕೂರುವ ಜೀವವೇ ಅಲ್ಲ. ಉಣ್ಣುವ ನಡುವೆ ಎದ್ದು ಬೀದಿ ನೋಡಿ ಬರುವರು. ಮಠದ ದಾಸೋಹದಲ್ಲಿ ಬಡಿಸುವುದೆಂದರೆ ಪ್ರಾಣ. ಆದರೆ ಸಾರಿನ ಬಕೆಟ್ಟು ಅವರ ಕೈಗೆ ಕೊಡುವ ಧೈರ್ಯ ಯಾರಿಗಿತ್ತು?

“ಯಜಮಾನ್ರೇ, ನೀವು ಉಪ್ಪು ಹಿಡ್ಕಳಿ,” ಎನ್ನುವರು.

“ಉಪ್ಪಿಲ್ದೆ ನಿನ್ನ ಸಾರ ಯಾವನ್ಲಾ ಉಣ್ತಾನೆ?” ಎಂದು ಉಪ್ಪಿನ ತಟ್ಟೆ ಹಿಡಿದು ಮಾವನವರು ಹೊರಡುವರು.

ನನ್ನ ಮಗಳು ಅವರದೇ ಪಡಿಯಚ್ಚು. ನಿಂತಲ್ಲಿ ನಿಲ್ಲಳು, ಲೋಟ ಹಿಡಿದರೆ ಚೆಲ್ಲುವಳು, ಮೂರನೇ ಕ್ಲಾಸಿಗೆ ಬಂದರೂ ಶೂ ಲೇಸು ಕಟ್ಟಲು ಬಾರದು. ನಾದಿನಿ ಬಂದಾಗಲೆಲ್ಲ, “ಇದ್ಯಾವ ಕಡೆ ಬುದ್ಧಿಯೋ ಕಾಣೆ ಕಣಮ್ಮ. ನಮ್ಮನೇಲಂತೂ ಯಾರೂ ಹಿಂಗಿಲ್ಲ,” ಎಂದು ನನ್ನ ತವರನ್ನು ಕುಟುಕುವಳು. ನಮ್ಮನೆಯವರು ಎದ್ದು ಹೊರಗೆ ಹೋಗುವರು. ನಾನು ಪೂಜೆಗೆ ಕೂತು ಅಳುತ್ತಿದ್ದೆ.

ಕೊನೆಗೆ ಹಾಸನದ ಡಾಕ್ಟರೊಬ್ಬರಿಗೆ ತೋರಿಸಿದೆವು. ಇದು ಎಡಿಎಚ್‌ಡಿ, ಗಮನ ನಿಲ್ಲದ ಎಷ್ಟೋ ಮಕ್ಕಳಿಗೆ ಕೈಕಾಲಿನ ಹಿಡಿತವೂ ಕಷ್ಟವಾಗುತ್ತದೆ, ಎರಡೂ ಜೊತೆಯಾಗಿ ವಂಶದಲ್ಲಿ ಬರುವುದುಂಟು ಎಂದರು. “ಮನೇಲಿ ಬೇರೆ ಯಾರಿಗಾದ್ರೂ ಹೀಗಿದ್ಯಾ?”

ನಮ್ಮನೆಯವರು ನೆಲ ನೋಡಿದರು. ನಮ್ಮ ಜೊತೆ ಬಂದು ಹೊರಗೆ ಶತಪಥ ಹಾಕುತ್ತಿದ್ದ ಮಾವನವರು ಕುರ್ಚಿ ಎಡವಿಕೊಂಡೇ ಒಳಗೆ ಬಂದರು.

“ನಂಗೈತೆ ಸಾರ್. ನನ್ನಿಂದ್ಲೇ ಬಂದಿರೋದು, ಬರ್ಕಳಿ.” ತೋಳು ಮೇಲೇರಿಸಿ ಒಂದು ಹಳೆಯ ಸುಟ್ಟ ಗುರುತು ತೋರಿಸಿದರು. “ಚೆಲ್ತೀನಿ ಅಂತ ನಮ್ಮಪ್ಪ ಬರೆ ಹಾಕಿದ್ದು. ಈ ಮಗೀನ್ ಮೇಲೆ ಯಾರೂ ಕೈ ಮಾಡ್ಬಾರ್ದು. ಅದುನ್ನೂ ಬರ್ಕಳಿ.”

“ಯಾವುದೋ ಒಂದರಿಂದ ಬರೋದಲ್ಲ ಇದು, ಸಣ್ಣ ಸಣ್ಣವು ಎಷ್ಟೋ ಸೇರಿರುತ್ತೆ. ಯಾರ ತಪ್ಪೂ ಅಲ್ಲ. ನಿಮ್ಮದೂ ಅಲ್ಲ,” ಎಂದರು ಡಾಕ್ಟರು.

ಮಾವನವರು ಕುರ್ಚಿ ಹಿಡಿದುಕೊಂಡು ನಿಂತರು. “ಈ ಮಾತ ನಂಗ್ಯಾರೂ ಹೇಳಿರ್ಲಿಲ್ಲ ಸಾರ್,” ಎಂದರು. ಮುಖ ಒರೆಸಿಕೊಳ್ಳಲು ಹೆಗಲ ಟವೆಲ್ಲು ಎಳೆದರೆ ಅದೂ ಕೆಳಗೆ ಬಿತ್ತು.

ಅಂದಿನಿಂದ ನಾದಿನಿಯ ಬಾಯಿ ಕಟ್ಟಿತು. ಮಗಳು ಬಿದ್ದಾಗಲೆಲ್ಲ ಮಾವನವರೇ ಎಬ್ಬಿಸಿ, “ಭೂಮ್ತಾಯಿಗೆ ನಮ್ಮಿಬ್ರುನ್ ಕಂಡ್ರೆ ಒಸಿ ಜಾಸ್ತಿ ಪಿರೂತಿ ಕಣವ್ವ,” ಎಂದು ಮಂಡಿ ಒರೆಸುವರು.

ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ, ಅದು ಶಿವನ ದಯೆ. ಅವತ್ತು ಬೆಳಿಗ್ಗೆ ನನ್ನ ಕೈಯ ಬಿಸಿ ರೊಟ್ಟಿ ತಿಂದು ಹೊರಟಿದ್ದರು, ಅದೂ ಅವನ ದಯೆಯೇ. ಡಾಕ್ಟರ ಆ ಮಾತನ್ನು ಕೇಳಿಸಿಕೊಂಡು ಹೋದರಲ್ಲ, ನಾನು ದೊಡ್ಡದೆಂದು ಎಣಿಸುವುದು ಅದನ್ನು.

ನಮ್ಮಲ್ಲಿ ತೀರಿಕೊಂಡವರಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮನೆಗೆ ತಂದ ಮಾವನವರನ್ನೂ ಹಾಗೇ ಕೂರಿಸಿದೆವು. ಮಗಳು ಎದುರಿಗೆ ನಿಂತು ನೋಡಿದಳು. ಆಮೇಲೆ ನನ್ನ ಸೆರಗು ಜಗ್ಗಿದಳು.

“ಅಮ್ಮ, ತಾತನ್ನ ಯಾಕಿಷ್ಟೊತ್ತು ಕೂರ್ಸಿದೀರ? ತಾತಂಗೆ ಕೂರಕ್ಕಾಗಲ್ಲಮ್ಮ. ಎಬ್ಸಮ್ಮ.”

ಇನ್ನು ಎಬ್ಬಿಸಲಾಗುವುದಿಲ್ಲ ಎಂದೆ. ಅವಳು ಅಳಲಿಲ್ಲ.

“ಹಂಗಾದ್ರೆ ನಮ್ಮನೇಲಿ ನನ್ನ ಥರ ಯಾರಿರ್ತಾರೆ?”

ಅವಳನ್ನು ಅಪ್ಪಿಕೊಂಡೆ. ಮಾವನವರನ್ನು ಮಣ್ಣು ಮಾಡಲು ಕಣಕಟ್ಟೆಯ ತೋಟಕ್ಕೆ ಒಯ್ದ ಮೇಲೆ ಮನೆ ತೊಳೆಯಬೇಕಿತ್ತು. ಬಕೆಟ್ಟಿಗೆ ನೀರು ಬಿಟ್ಟೆ.